ಮೇಲಂಚಿಗೆ ಹಲ್ಲಿಲ್ಲದ ಜರ್ಮನ್ ಸ್ಟ್ಯಾಂಪ್

ಪ್ರಶ್ನೆ: ನಮ್ಮ ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಪಶ್ಚಿಮ ಜರ್ಮನಿಯಿಂದ ಬರೆದ ಕಾಗದಗಳ ಕವರುಗಳು ಟ್ರಂಕಿನಲ್ಲಿ ಸಿಕ್ಕವು. ಒಂದರ ಮೇಲೆ 50 ಫೆನಿಗ್‌ನ ಹಸಿರು ಸ್ಟ್ಯಾಂಪ್ ಇದೆ. ಮೂರು ಕಡೆ ಹಲ್ಲುಗಳಿವೆ, ಮೇಲ್ಗಡೆ ಮಾತ್ರ ನೇರ. ಯಾರೋ ಕತ್ತರಿ ಆಡಿಸಿದ್ದಾರೆ, ಇದಕ್ಕೆ ಬೆಲೆ ಇಲ್ಲ ಅಂತ ಪರಿಚಯದವರು ಹೇಳಿದರು. ನಿಜವೇ? ನೀರಿಗೆ ಹಾಕಿ ಬಿಡಿಸಲೇ?
— ಓದುಗರು, ಗಂಗಾವತಿ

ಉತ್ತರ: ದಯವಿಟ್ಟು ನೀರಿಗೆ ಹಾಕಬೇಡಿ. ಕವರಿನ ಮೇಲೆಯೇ ಇರಲಿ. ಅಂಚೆ ಮುದ್ರೆ, ತಾರೀಖು, ದೊಡ್ಡಪ್ಪನವರ ಅಕ್ಷರ ಎಲ್ಲವೂ ಒಟ್ಟಿಗಿದ್ದರೇ ಚೆಂದ.

ನೀವು ಹೇಳಿದ ಸ್ಟ್ಯಾಂಪ್‌ನಲ್ಲಿ ನೊಯ್‌ಶ್ವಾನ್‌ಸ್ಟೈನ್ ಅರಮನೆ ಇರಬೇಕು. 1977ರಲ್ಲಿ ಶುರುವಾದ ಕೋಟೆ, ಅರಮನೆಗಳ ಸರಣಿ ಅದು. 10 ಫೆನಿಗ್‌ನದ್ದರಲ್ಲಿ ಗ್ಲ್ಯೂಕ್ಸ್‌ಬುರ್ಗ್, 30ರದ್ದರಲ್ಲಿ ಲೂಡ್ವಿಗ್‌ಸ್ಟೈನ್ ಇವೆ. ದೊಡ್ಡ ಹಾಳೆಯಿಂದ ಹರಿದು ಮಾರಿದ್ದಕ್ಕೆ ನಾಲ್ಕೂ ಕಡೆ ಹಲ್ಲು. ಯಂತ್ರಕ್ಕೆ ನಾಣ್ಯ ಹಾಕಿ ತೆಗೆದುಕೊಳ್ಳುವ ಪುಟ್ಟ ಬುಕ್‌ಲೆಟ್‌ಗಳೂ ಇದ್ದವು. ಅದರೊಳಗಿನ ಪೇನ್‌ನಲ್ಲಿ, ಅಂದರೆ ತುಂಡು ಹಾಳೆಯಲ್ಲಿ, ಸ್ಟ್ಯಾಂಪ್‌ಗಳು ಎರಡು ಸಾಲಾಗಿ ಇರುತ್ತವೆ. ನಡುನಡುವೆ ತೂತಿನ ಗೆರೆ ಉಂಟು, ಆದರೆ ಪೇನ್‌ನ ಮೇಲಂಚು, ಕೆಳಂಚಿಗೆ ಇಲ್ಲ. ಅಲ್ಲಿ ನೇರವಾಗಿ ಕತ್ತರಿಸಿಬಿಡುತ್ತಾರೆ. ಹೀಗಾಗಿ ಮೇಲಿನ ಸಾಲಿನದಕ್ಕೆ ತಲೆ ನೇರ, ಕೆಳಗಿನ ಸಾಲಿನದಕ್ಕೆ ಬುಡ ನೇರ. ಸ್ಟ್ಯಾಂಪ್‌ಗಳ ಪಟ್ಟಿ ಪುಸ್ತಕವಾದ ಜರ್ಮನಿಯ ಮಿಖೆಲ್ ಕ್ಯಾಟಲಾಗ್ ಇವೆರಡಕ್ಕೂ ಸಿ, ಡಿ ಅಂತ ಬೇರೆ ಬೇರೆ ಅಕ್ಷರ ಕೊಡುತ್ತದೆ. ನಿಮ್ಮದು ಸಿ.

ಕತ್ತರಿಯ ಅನುಮಾನ ಬಗೆಹರಿಸುವುದು ಸುಲಭ. ನಾಲ್ಕೂ ಕಡೆ ಹಲ್ಲಿರುವ ಇದೇ ಸರಣಿಯ ಒಂದು ಸಾಮಾನ್ಯ ಸ್ಟ್ಯಾಂಪನ್ನು ಪಕ್ಕದಲ್ಲಿಟ್ಟು ಎತ್ತರ ನೋಡಿ. ಹಲ್ಲು ಪೂರ್ತಿ ಕಾಣದಂತೆ ಕತ್ತರಿಸಬೇಕಾದರೆ ತೂತುಗಳ ಬುಡಕ್ಕಿಂತ ಒಳಗೆ ಕತ್ತರಿ ಹೋಗಬೇಕು, ಸ್ಟ್ಯಾಂಪ್ ಗಿಡ್ಡವಾಗುತ್ತದೆ, ಚಿತ್ರದ ಮೇಲಿನ ಬಿಳಿ ಜಾಗವೂ ಸೊರಗುತ್ತದೆ. ಎತ್ತರ ಸರಿ ಇದ್ದರೆ ನಿಶ್ಚಿಂತೆಯಿಂದಿರಿ. ಎತ್ತರ ಕಡಿಮೆ ಇದ್ದರೆ, ಇಲ್ಲವೇ ಈ ಸರಣಿಯಲ್ಲಿ ಎಡಕ್ಕೋ ಬಲಕ್ಕೋ ನೇರ ಅಂಚು ಕಂಡರೆ ಮಾತ್ರ ನಿಮ್ಮ ಪರಿಚಯದವರ ಮಾತು ಸರಿ.

ಪ್ರಶ್ನೆ: ಹಳೆಯ ಜರ್ಮನ್ ಸ್ಟ್ಯಾಂಪ್‌ಗೆ ಅದೇ ಅಳತೆಯ ಖಾಲಿ ಚೌಕವೊಂದು ಅಂಟಿಕೊಂಡಿದೆ. ಅದರ ತುಂಬ ಗುಣಾಕಾರದ ಗುರುತು. ಹರಿದು ತೆಗೆಯಬಹುದೇ?
— ಓದುಗರು, ರಾಯಚೂರು

ಉತ್ತರ: ಬೇಡ! ನಿಮ್ಮ ಸ್ಟ್ಯಾಂಪ್ ಬುಕ್‌ಲೆಟ್‌ನಿಂದ ಬಂದದ್ದು ಅನ್ನುವುದಕ್ಕೆ ಆ ಖಾಲಿ ಚೌಕವೇ ಸಾಕ್ಷಿ. ಅದನ್ನು ಹರಿದರೆ ಸುಮ್ನೆ ಒಂದು ಬಿಡಿ ಸ್ಟ್ಯಾಂಪ್ ಉಳಿಯುತ್ತದೆ, ಬುಕ್‌ಲೆಟ್‌ನದ್ದು ಅಂತ ಹೇಳುವುದು ಕಷ್ಟ.

ಜರ್ಮನಿಯ ಮೊದಲ ಬುಕ್‌ಲೆಟ್ ಬಂದದ್ದು 1910ರ ನವೆಂಬರ್‌ನಲ್ಲಿ, ಜರ್ಮನಿಯನ್ನು ಹೆಣ್ಣಾಗಿ ಬಿಂಬಿಸುವ ಜರ್ಮೇನಿಯಾ ಚಿತ್ರದ ಸ್ಟ್ಯಾಂಪ್‌ಗಳದ್ದು, ಬೆಲೆ 2 ಮಾರ್ಕ್. ಬುಕ್‌ಲೆಟ್‌ನ ಒಟ್ಟು ಬೆಲೆ ಚಿಲ್ಲರೆಯಿಲ್ಲದೆ ಬರಬೇಕಲ್ವಾ? ಅದಕ್ಕೆ ಬೇಡವಾದ ಚೌಕಗಳಲ್ಲಿ ಸ್ಟ್ಯಾಂಪ್ ಬದಲು ಈ ಗುರುತು ಹಾಕುತ್ತಿದ್ದರು. ಅಂಥ ಚೌಕಗಳಲ್ಲಿ ಜಾಹೀರಾತುಗಳೂ ಇರುತ್ತಿದ್ದವು.

ನನಗೆ ಜಾಸ್ತಿ ಇಷ್ಟ ಈ ಪೇನ್‌ಗಳನ್ನು ಮುದ್ರಿಸುತ್ತಿದ್ದ ದೊಡ್ಡ ಹಾಳೆಗಳು. ಹೊಲಿಗೆಗೋ ಪಿನ್ನಿಗೋ ಪ್ರತಿ ಪೇನ್‌ಗೂ ಪಕ್ಕದಲ್ಲಿ ಖಾಲಿ ಪಟ್ಟಿ ಬೇಕು. ಅದಕ್ಕಾಗಿ ಕೆಲವು ಪೇನ್‌ಗಳನ್ನು ತಲೆಕೆಳಗಾಗಿ ಕೂರಿಸಿ ಅಚ್ಚು ಹಾಕುತ್ತಿದ್ದರು. ಕತ್ತರಿಸದ ಹಾಳೆಗಳು ಸಂಗ್ರಹಕಾರರ ಕೈಗೂ ಬಂದವು. ಒಂದರ ತಲೆ ಇನ್ನೊಂದರ ತಲೆಗೆ ತಾಗಿದ ಜೋಡಿಗಳು ಸಿಗುವುದು ಅಲ್ಲಿಂದಲೇ.

ನಿಮ್ಮ ಸ್ಟ್ಯಾಂಪ್‌ನ ಒಂದು ಕಡೆಯ ಹಲ್ಲು ಮೊಂಡಾಗಿದ್ದರೆ ಬೇಜಾರು ಬೇಡ, ಪೇನ್ ಕತ್ತರಿಸುವಾಗ ಹಾಗಾಗುತ್ತಿತ್ತು. ಪಕ್ಕದ ಪಟ್ಟಿ ಉಳಿದಿದ್ದರೆ ಅದನ್ನೂ ಮುಟ್ಟಬೇಡಿ. ಹಿಂದೆ ಅಂಟು ಇನ್ನೂ ಇದ್ದರೆ ಆಲ್ಬಮ್‌ಗೆ ಅಂಟಿಸಬೇಡಿ, ಪಾರದರ್ಶಕ ಜೇಬಿನಲ್ಲಿ ಇಡಿ. ಎರಡೂ ಬದಿಯ ಫೋಟೊ ಪತ್ರಿಕೆಗೆ ಕಳಿಸಿ, ಯಾವ ಸರಣಿ ಅಂತ ನೋಡಿ ಹೇಳುತ್ತೇನೆ.