ಹುದ್ದೆ ಇಲ್ಲದವರ ಮಾತು ಇಲ್ಲಿ ಎಷ್ಟು ನಡೆಯುತ್ತದೆ?

ತಂಗಿ,

ಆಸ್ಟಿನ್‌ಗೆ ಬಂದು ಇನ್ನೂ ಮೊದಲ ವರ್ಷ, ಯಜಮಾನರದು ಎಚ್-1ಬಿ ಕೆಲಸದ ವೀಸಾ, ನಿಮ್ಮದು ಅವರ ಹೆಂಡತಿಯಾಗಿ ಸಿಕ್ಕ ಎಚ್-4 ವೀಸಾ, ಮಗಳು ಎರಡನೇ ಕ್ಲಾಸು ಅಂತ ಬರೆದಿದ್ದೀರಿ. ಸ್ಕೂಲಿನ ಊಟದ ಪಟ್ಟಿ ಬಗ್ಗೆ ಕೇಳಿದರೆ ಪಕ್ಕದ ಮನೆಯಾಕೆ "ಅದೆಲ್ಲ ಮಿಶೆಲ್ ಒಬಾಮ ಮಾಡಿದ್ದು" ಅಂದರಂತೆ. ಅಧ್ಯಕ್ಷರ ಹೆಂಡತಿಗೆ ನಿಜವಾಗಿ ಅಷ್ಟು ಅಧಿಕಾರ ಇದೆಯಾ? ವೋಟೂ ಇಲ್ಲದ, ಕೆಲಸಕ್ಕೆ ಅನುಮತಿಯೂ ಇಲ್ಲದ ನಾವು ಇಲ್ಲಿ ಏನಾದರೂ ಕೇಳಬಹುದಾ? ಇವು ನಿಮ್ಮ ಪ್ರಶ್ನೆಗಳು. ನಾನೂ ಎಚ್-4 ವೀಸಾದಲ್ಲೇ ಬಂದವಳು, ಈಗ ಇಲ್ಲಿನ ಪ್ರಜೆ. ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ.

ಅಮೆರಿಕದಲ್ಲಿ ಅಧ್ಯಕ್ಷರ ಹೆಂಡತಿಯನ್ನು ಫಸ್ಟ್ ಲೇಡಿ ಅನ್ನುತ್ತಾರೆ, ಆದರೆ ಸಂವಿಧಾನದಲ್ಲಿ ಅಂಥ ಹುದ್ದೆಯೇ ಇಲ್ಲ. ಸಂಬಳ ಇಲ್ಲ. ಯಾರೂ ವೋಟು ಹಾಕಿ ಆರಿಸುವುದಿಲ್ಲ. 1978ರ ಒಂದು ಕಾನೂನು ಅಧ್ಯಕ್ಷರಿಗೆ ನೆರವಾಗುವ ಪತ್ನಿ ಅಥವಾ ಪತಿಗೆ ಕಚೇರಿ ಸಿಬ್ಬಂದಿ ಕೊಡುತ್ತದೆ, ಅಷ್ಟೇ. ಆದರೂ ಇಡೀ ದೇಶ ಅವರ ಮಾತಿಗೆ ಕಿವಿ ಕೊಡುತ್ತದೆ. ಆ ಮಾತು ಬಾಗಿಲ ಹೊರಗೆ ಬಂದು, ಎಲ್ಲರ ಮುಂದೆ ಚರ್ಚೆಯಾಗಿ, ಕಾನೂನಾದಾಗ ಮಾತ್ರ ಉಳಿಯುತ್ತದೆ. ಬಾಗಿಲ ಒಳಗೇ ನಡೆದರೆ ಅದು ಅಪಾಯ. ಇಷ್ಟು ವರ್ಷ ಇಲ್ಲಿದ್ದು, ಓದಿ, ನೋಡಿ ನಾನು ಕಂಡುಕೊಂಡದ್ದು ಇದು.

ಸ್ಕೂಲಿನ ಊಟದ ವಿಷಯದಲ್ಲಿ ನಿಮ್ಮ ನೆರೆಯವರು ಹೇಳಿದ್ದು ಮುಕ್ಕಾಲು ಪಾಲು ನಿಜ. ಊಟದ ಯೋಜನೆ 1946ರಿಂದಲೇ ಇದೆ. ಮಿಶೆಲ್ ಒಬಾಮ 2010ರಲ್ಲಿ ಮಕ್ಕಳ ಬೊಜ್ಜಿನ ವಿರುದ್ಧ ‘ಲೆಟ್ಸ್ ಮೂವ್’ ಅಭಿಯಾನ ಶುರು ಮಾಡಿದರು. ಸ್ಕೂಲಿನ ಊಟ ಸುಧಾರಿಸುವ ಮಸೂದೆಗೆ ಬೆಂಬಲ ಕೊಡಿ ಎಂದು ಬಹಿರಂಗವಾಗಿ ಕೇಳಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದು ಕಾನೂನಾಯಿತು. 2012ರಿಂದ ಮಕ್ಕಳ ತಟ್ಟೆಯಲ್ಲಿ ಹಣ್ಣು, ತರಕಾರಿ ಹೆಚ್ಚಾಯಿತು, ಮೈದಾ ಕಡಿಮೆಯಾಯಿತು. ಉಪ್ಪಿಗೂ ಮಿತಿ ಬಂತು. ಹೊಸ ನಿಯಮ ಪಾಲಿಸುವ ಸ್ಕೂಲುಗಳಿಗೆ ಒಂದು ಊಟಕ್ಕೆ 6 ಸೆಂಟ್ ಹೆಚ್ಚುವರಿ ಹಣ. ಹೈಸ್ಕೂಲ್ ಮಕ್ಕಳು ತಟ್ಟೆಯ ಫೋಟೊ ಹಾಕಿ ಆಕೆಯನ್ನು ಸಿಕ್ಕಾಪಟ್ಟೆ ಬೈದರು. 2018ರಲ್ಲಿ ಟ್ರಂಪ್ ಸರ್ಕಾರ ಉಪ್ಪು, ಹಾಲು, ಧಾನ್ಯದ ಕೆಲವು ನಿಯಮ ಸಡಿಲ ಮಾಡಿತು. ಕಾನೂನು ಮಾತ್ರ ಹಾಗೇ ಇದೆ.

ಇನ್ನು ನಮ್ಮೂರಿಗೆ ಬರೋಣ. ನೀವು ಆಸ್ಟಿನ್‌ನಲ್ಲಿ ಇದ್ದೀರಿ, ಲೇಡಿ ಬರ್ಡ್ ಜಾನ್ಸನ್ ಹೆಸರು ದಿನವೂ ಕಿವಿಗೆ ಬೀಳುತ್ತಿರಬೇಕು. ಊರ ನಡುವಿನ ಕೆರೆಗೆ ಅವರ ಹೆಸರು. 1963ರಿಂದ 1969ರವರೆಗೆ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ಪತ್ನಿ ಅವರು. ಟೆಕ್ಸಸ್‌ನ ಕಾರ್ನ್ಯಾಕ್ ಅನ್ನುವ ಪುಟ್ಟ ಊರಲ್ಲಿ ಹುಟ್ಟಿದವರು. 1943ರಲ್ಲಿ ತವರಿನಿಂದ ಬಂದ ಹಣದಲ್ಲಿ ಆಸ್ಟಿನ್‌ನ ಸಣ್ಣ ರೇಡಿಯೊ ಕೇಂದ್ರವೊಂದನ್ನು ಕೊಂಡು ಲಾಭಕ್ಕೆ ತಂದರು. ಹೂವಿನ ಗಿಡ ನೆಟ್ಟ ಅಮ್ಮ ಅಂತ ಜನ ಅವರನ್ನು ಸುಮ್ನೆ ಸಣ್ಣದು ಮಾಡುತ್ತಾರೆ. ಅದು ನನಗೆ ತುಂಬಾ ಬೇಸರ ತರುತ್ತದೆ.

1964ರ ಅಕ್ಟೋಬರ್ ನೋಡಿ. ಕರಿಯರಿಗೆ ಸಮಾನ ಹಕ್ಕು ಕೊಡುವ ಕಾನೂನಿಗೆ ಜುಲೈನಲ್ಲಷ್ಟೇ ಅವರ ಗಂಡ ಸಹಿ ಹಾಕಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ಸಿಟ್ಟಿನಿಂದ ಕುದಿಯುತ್ತಿದ್ದರು. ನವೆಂಬರ್‌ನಲ್ಲಿ ಚುನಾವಣೆ. ಆಗ ಲೇಡಿ ಬರ್ಡ್ ಒಂದು ರೈಲು ಹತ್ತಿ, ನಾಲ್ಕು ದಿನ ಎಂಟು ರಾಜ್ಯ ದಾಟಿ ನ್ಯೂ ಆರ್ಲಿಯನ್ಸ್‌ವರೆಗೆ ಹೋದರು. ಸ್ಟೇಷನ್ ಸ್ಟೇಷನ್‌ನಲ್ಲೂ ಹಿಂದಿನ ಬೋಗಿಯಲ್ಲಿ ನಿಂತು ಭಾಷಣ ಮಾಡಿದರು. ಜನ ಕೂಗಾಡಿದರು, ಕೆಟ್ಟ ಮಾತು ಬರೆದ ಬೋರ್ಡು ಹಿಡಿದರು. ಆಕೆ ಕೈ ಎತ್ತಿ, ನಿಮಗೆ ನಿಮ್ಮ ಅಭಿಪ್ರಾಯ ಹೇಳುವ ಹಕ್ಕಿದೆ, ಈಗ ನನ್ನ ಸರದಿ ಎಂಬ ಅರ್ಥದ ಮಾತು ಹೇಳಿ ಮುಂದುವರಿಸಿದರು. ಅವರದೂ ಅದೇ ದಕ್ಷಿಣದ ಮಾತಿನ ಧಾಟಿ. ತಮ್ಮವರ ಮುಂದೆಯೇ ನಿಂತು ಕಹಿ ಮಾತು ಹೇಳುವುದು ಎಷ್ಟು ಕಷ್ಟ, ಅಲ್ವಾ?

ಆಮೇಲೆ ಹೆದ್ದಾರಿ ಕಾನೂನು. ರಸ್ತೆ ಪಕ್ಕದ ಜಾಹೀರಾತು ಫಲಕ, ಗುಜರಿ ಅಂಗಡಿಗಳಿಗೆ ಕಡಿವಾಣ ಹಾಕಲು ಪಟ್ಟು ಹಿಡಿದರು. ಯಾವ ಸಂಸದ ಯಾವ ಕಡೆ ಎಂದು ಲೆಕ್ಕ ಇಟ್ಟು ಅವರ ಜೊತೆ ಮಾತಾಡಿದರು. 1965ರ ಅಕ್ಟೋಬರ್‌ನಲ್ಲಿ ಕಾನೂನು ಬಂತು. ಮಸೂದೆಯಲ್ಲಿ ವಾಣಿಜ್ಯ ಸಚಿವ ಎಂದಿರುವ ಕಡೆ ‘ಲೇಡಿ ಬರ್ಡ್’ ಎಂದೇ ಬರೆಯಿರಿ ಅಂತ ಬಾಬ್ ಡೋಲ್ ಎಂಬ ಸಂಸದ ಚುಚ್ಚಿದ್ದರು. ಫಲಕದ ಕಂಪನಿಗಳ ಒತ್ತಡಕ್ಕೆ ಕಾನೂನು ಸಾಕಷ್ಟು ಸೊರಗಿತು, ಅದನ್ನೂ ಹೇಳಬೇಕು. ಮಾರ್ಚ್ ಕೊನೆಗೆ ನಮ್ಮ ರಸ್ತೆ ಪಕ್ಕ ಅರಳುವ ನೀಲಿ ಬ್ಲೂಬಾನೆಟ್ ಹೂವೆಲ್ಲ ಅವರದೇ ಅಂತ ಹೇಳುವವರಿದ್ದಾರೆ. ಟೆಕ್ಸಸ್ ಹೆದ್ದಾರಿ ಇಲಾಖೆ 1930ರ ದಶಕದಿಂದಲೇ ಕಾಡುಹೂವಿನ ಬೀಜ ಹಾಕುತ್ತಿತ್ತು. ಆದರೆ ಕೇಂದ್ರದ ಹಣದಲ್ಲಿ ರಸ್ತೆ ಪಕ್ಕ ಗಿಡ ಬೆಳೆಸುವಾಗ ಒಂದಿಷ್ಟು ಪಾಲು ಆಯಾ ಊರಿನ ಕಾಡುಹೂವಿಗೇ ಇಡಬೇಕು ಎಂಬ 1987ರ ನಿಯಮದ ಹಿಂದೆ ಅವರ ಶ್ರಮ ಇದೆ. ಆಗ ಅವರು ಫಸ್ಟ್ ಲೇಡಿ ಆಗಿರಲಿಲ್ಲ, ಗಂಡ ತೀರಿಕೊಂಡೇ 14 ವರ್ಷವಾಗಿತ್ತು. 1982ರಲ್ಲಿ ಅವರು ಶುರು ಮಾಡಿದ ಕಾಡುಹೂವಿನ ಕೇಂದ್ರ ಊರಿನ ನೈಋತ್ಯಕ್ಕಿದೆ, ಏಪ್ರಿಲ್‌ನಲ್ಲಿ ಮಗಳನ್ನು ಕರೆದುಕೊಂಡು ಹೋಗಿ.

ಬಾಗಿಲ ಒಳಗಿನ ಅಧಿಕಾರ ಎಂದೆನಲ್ಲ, ಅದು ಎಡಿತ್ ವಿಲ್ಸನ್ ಕಥೆ. 1919ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್‌ಗೆ ಪಾರ್ಶ್ವವಾಯು ಹೊಡೆಯಿತು. ಯಾರು ಅವರನ್ನು ನೋಡಬೇಕು, ಯಾವ ಕಾಗದ ಅವರ ಮುಂದೆ ಹೋಗಬೇಕು ಎಂದು ತಿಂಗಳುಗಟ್ಟಲೆ ತೀರ್ಮಾನಿಸಿದ್ದು ಪತ್ನಿ. ಕಾಯಿಲೆ ಎಷ್ಟು ಗಂಭೀರ ಎಂದು ಜನರಿಗೆ ಹೇಳಲಿಲ್ಲ. ಗಂಡನ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೂ ಅದು ತಪ್ಪು. ದೇಶಕ್ಕೆ ಪ್ರಶ್ನೆ ಕೇಳಲು ಯಾರೂ ಸಿಗಲಿಲ್ಲ. ಅಧ್ಯಕ್ಷರು ಕೆಲಸ ಮಾಡಲಾಗದಿದ್ದರೆ ಏನು ಮಾಡಬೇಕು ಎಂದು ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆಯಲು 1967ರವರೆಗೆ ಕಾಯಬೇಕಾಯಿತು.

ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಪತ್ನಿ ಹಿಲರಿ ಕ್ಲಿಂಟನ್ 1993ರಲ್ಲಿ ಆರೋಗ್ಯ ವಿಮೆಯ ಕಾರ್ಯಪಡೆಯ ಮುಖ್ಯಸ್ಥೆಯಾದಾಗ, ಈಕೆ ಸರ್ಕಾರಿ ಅಧಿಕಾರಿಯೇ ಅಲ್ಲ, ಹೊರಗಿನವರಿರುವ ಸಮಿತಿಯ ಸಭೆಗಳು ಕಾನೂನಿನಂತೆ ಬಹಿರಂಗವಾಗಿ ನಡೆಯಬೇಕು ಎಂದು ವೈದ್ಯರ ಸಂಘವೊಂದು ಕೋರ್ಟಿಗೆ ಹೋಯಿತು. ಈ ಕಾನೂನಿನ ಮಟ್ಟಿಗೆ ಆಕೆಯನ್ನು ಅಧಿಕಾರಿ ಎಂದೇ ಪರಿಗಣಿಸಬಹುದು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಯೋಜನೆ ಮಾತ್ರ 1994ರಲ್ಲಿ ಬಿದ್ದುಹೋಯಿತು. ಸಭೆಗಳನ್ನು ಮೊದಲಿಂದಲೇ ತೆರೆದಿಟ್ಟಿದ್ದರೆ ಅಷ್ಟು ಅನುಮಾನ ಹುಟ್ಟುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಪತ್ನಿ ಎಲೀನರ್ ರೂಸ್ವೆಲ್ಟ್ ಬಗ್ಗೆ ಬರೆದರೆ ಪತ್ರ ಮುಗಿಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಗಂಡ ತೀರಿಕೊಂಡ ಮೇಲೆ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆಯಾದರು. ಅಲ್ಲಿ ಭಾರತದ ಹಂಸಾ ಮೆಹ್ತಾ ಇದ್ದರು. 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದು ಓದಿಕೊಳ್ಳಬಹುದಾಗಿದ್ದ ಕಡೆ ‘ಎಲ್ಲ ಮನುಷ್ಯರು’ ಎಂದು ಬರುವಂತೆ ಮಾಡಿದ್ದು ನಮ್ಮ ಹಂಸಾ ಮೆಹ್ತಾ.

ಈಗ ನಿಮ್ಮ ವಿಷಯ. ಪ್ರಜೆಯಾಗುವ ತನಕ ವೋಟರ್ ಪಟ್ಟಿಗೆ ಹೆಸರು ಕೊಡಲೇಬೇಡಿ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲೇ ಆ ಪ್ರಶ್ನೆ ಇರುತ್ತದೆ, ‘ಇಲ್ಲ’ ಎಂದೇ ಗುರುತು ಹಾಕಿ. ತಪ್ಪಿದರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು. ಗ್ರೀನ್ ಕಾರ್ಡ್ ಬರುವ ತನಕ ಯಾವ ಅಭ್ಯರ್ಥಿಗೂ ಚಂದಾ ಕೊಡಬಾರದು, ಐದು ಡಾಲರ್ ಕೂಡ. ಕೆಲಸದ ಅನುಮತಿ ಬೇಕಾದರೆ, ಯಜಮಾನರ ಗ್ರೀನ್ ಕಾರ್ಡ್ ಅರ್ಜಿ ಎಲ್ಲಿಗೆ ಬಂದಿದೆ ಕೇಳಿ. ಅವರ ಕಂಪನಿ ಗ್ರೀನ್ ಕಾರ್ಡಿಗಾಗಿ ಹಾಕುವ ಐ-140 ಎಂಬ ಅರ್ಜಿ ಮಂಜೂರಾದರೆ ಎಚ್-4ನವರೂ ಅರ್ಜಿ ಹಾಕಬಹುದು, 2015ರಿಂದ ಆ ನಿಯಮ ಇದೆ.

ಆದರೆ ಮಾತಾಡಲು ಇದ್ಯಾವುದೂ ಅಡ್ಡಿಯಲ್ಲ. ಆ ಭಾಗದ ಸರ್ಕಾರಿ ಸ್ಕೂಲುಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡಿನ ಸಭೆ ಎಲ್ಲರಿಗೂ ತೆರೆದಿದೆ. ಮೊದಲೇ ಹೆಸರು ಕೊಟ್ಟರೆ ಮಾತಾಡಲು ಕೆಲವು ನಿಮಿಷ ಸಿಗುತ್ತದೆ. ಟೆಕ್ಸಸ್‌ನಲ್ಲಿ ಒಂದೊಂದು ಬೋರ್ಡಿನ ಕೆಳಗಿರುವ ಸ್ಕೂಲುಗಳ ಗುಂಪಾದ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್‌ಗೂ ಒಂದು ಆರೋಗ್ಯ ಸಲಹಾ ಸಮಿತಿ ಇರಬೇಕು, ಅದರಲ್ಲಿ ಪೋಷಕರೇ ಹೆಚ್ಚಿರಬೇಕು ಎಂದು ಕಾನೂನು. ಮಕ್ಕಳ ಊಟದ ವಿಷಯವೂ ಅಲ್ಲಿಗೆ ಬರುತ್ತದೆ. ನಾನು ಎಚ್-4ರಲ್ಲಿದ್ದಾಗ ನಮ್ಮ ಮಗನ ಸ್ಕೂಲಿನಲ್ಲಿ ಬೇಯಿಸಿದ ಬೀನ್ಸ್‌ಗೆ ಹಂದಿಮಾಂಸ ಸೇರಿಸುತ್ತಿದ್ದರು, ಪಟ್ಟಿಯಲ್ಲಿ ಬರೆಯುತ್ತಿರಲಿಲ್ಲ. ಇಬ್ಬರು ಮುಸ್ಲಿಂ ತಾಯಂದಿರು, ಒಬ್ಬರು ಯೆಹೂದಿ ಅಜ್ಜಿ, ನಾನು ಸೇರಿ ಒಂದು ಪುಟದ ಪತ್ರ ಬರೆದೆವು, ಸಭೆಯಲ್ಲಿ ಓದಿದೆವು. ಮುಂದಿನ ವರ್ಷದಿಂದ ಪಟ್ಟಿಯಲ್ಲಿ ಗುರುತು ಬಂತು. ನಮ್ಮ ವೀಸಾ ಯಾವುದು ಅಂತ ಒಬ್ಬರೂ ಕೇಳಲಿಲ್ಲ.

ನಿಮ್ಮ ಸ್ಕೂಲಿನ ಪಟ್ಟಿಯಲ್ಲಿ ಏನು ಅರ್ಥವಾಗಲಿಲ್ಲ, ಅದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಬೋರ್ಡ್ ಸಭೆಯ ದಿನಾಂಕ ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಕೇಳಿ ನನಗೆ ತಿಳಿಸಿ. ಮೊದಲ ಸಲ ಒಬ್ಬರೇ ಹೋಗುವುದು ಬೇಡ, ನಾನೂ ಬರುತ್ತೇನೆ.