ನೀವು ಕೇಳಿದ್ರಿ: ಸ್ಟೇಕ್‌ಹೌಸಿಗೆ ಹೋಗೋ ಮುಂಚೆ

ಪ್ರಶ್ನೆ: ಮದ್ವೆಯಾಗಿ ಹತ್ತು ವರ್ಷ ಆಗ್ತಿದೆ ಸಾರ್, ಈ ಸಲ ಹೆಂಡ್ತೀನ ಒಂದು ದೊಡ್ಡ ಸ್ಟೇಕ್‌ಹೌಸಿಗೆ ಕರ್ಕೊಂಡು ಹೋಗೋಣ ಅಂತ ಟೇಬಲ್ ಬುಕ್ ಮಾಡಿದೀನಿ. ಮೆನು ಆನ್‌ಲೈನಲ್ಲಿ ನೋಡಿದ್ರೆ ರಿಬ್‌ಐ, ಸ್ಟ್ರಿಪ್, ಫಿಲೆ, ಪೋರ್ಟರ್‌ಹೌಸ್ ಅಂತೆಲ್ಲ ಇದೆ, ಒಂದೂ ತಲೆಗೆ ಹೋಗ್ಲಿಲ್ಲ. ಇಬ್ರೂ ಮಾಂಸ ತಿಂತೀವಿ, ಸ್ಟೇಕ್ ಮಾತ್ರ ಹೊಸದು. ಅವಳ ಮುಂದೆ ಪೆದ್ದನ ಥರ ಕಾಣದೇ ಇರೋದು ಹೇಗೆ?

ಉತ್ತರ: ಗೊತ್ತಿಲ್ಲ ಅಂದ್ರೆ ಯಾರೂ ಪೆದ್ದ ಅನ್ನಲ್ಲ ಸ್ವಾಮಿ, ಗೊತ್ತಿದೆ ಅಂತ ನಟಿಸೋಕೆ ಹೋದಾಗ್ಲೇ ಸಿಕ್ಕಿಬೀಳೋದು. ನಾನು ಮೊದಲನೇ ಸಲ ಹೋದಾಗ ಪಕ್ಕದ ಟೇಬಲಿನವ್ರು ಭಾರೀ ಗತ್ತಲ್ಲಿ 'ರೇರ್' (ತೀರಾ ಕಮ್ಮಿ ಬೇಯಿಸಿದ್ದು) ಅಂದಿದ್ದು ಕೇಳಿಸ್ಕೊಂಡು ನಾನೂ ಹಾಗೇ ಅಂದ್ಬಿಟ್ಟೆ, ಬಂದಿದ್ದು ನೋಡಿದ್ರೆ ಒಳಗೆ ಉಗುರುಬೆಚ್ಚಗೆ, ಕೆಂಪಗೆ, ಒಂದೊಂದು ತುತ್ತಿಗೂ ಅರ್ಧ ಗ್ಲಾಸ್ ನೀರು ಕುಡಿದೆ, ವೇಟರ್ ಬಂದು ಹೇಗಿದೆ ಅಂದ್ರೆ 'ಸೂಪರ್' ಅಂತ ಬೇರೆ ಅಂದೆ. ದುಡ್ಡು ಕೊಟ್ಟು ಪಟ್ಟ ಕಷ್ಟ ಅದು.

ಸ್ಟೇಕ್ ಅಂದ್ರೆ ದನದ ಮಾಂಸದ ದಪ್ಪ ಹೋಳು, ಬೆಂಕಿ ಮೇಲೆ ಬೇಯಿಸಿದ್ದು. ಈಗ ಆ ಹೆಸರುಗಳು. ದನದ ಮೈಯಲ್ಲಿ ಯಾವ ಸ್ನಾಯು ಕಮ್ಮಿ ಕೆಲಸ ಮಾಡತ್ತೋ ಅದು ಮೆತ್ತಗಿರತ್ತೆ, ಇಷ್ಟು ನೆನಪಿಟ್ಕೊಂಡ್ರೆ ಅರ್ಧ ಮೆನು ಅರ್ಥ ಆದ ಹಾಗೆ. ಬೆನ್ನುಮೂಳೆಯ ಒಳಬದಿಗೆ ಉದ್ದಕ್ಕೆ ಮಲಗಿರೋ ಒಂದು ಸ್ನಾಯುಗೆ ಕೆಲಸಾನೇ ಇಲ್ಲ ಅನ್ನೋಷ್ಟು ಕಮ್ಮಿ, ಅದರಿಂದ ಬರೋದೇ ಫಿಲೆ, ಬೆಣ್ಣೆ ಥರ ಕತ್ತರಿಸ್ಕೊಳತ್ತೆ ಆದ್ರೆ ಕೊಬ್ಬು ಕಮ್ಮಿ, ರುಚಿನೂ ಸ್ವಲ್ಪ ಸಪ್ಪೆ. ಅದಕ್ಕೇ ಅದರ ಜೊತೆ ಸಾಸ್ ಕೊಡೋದು ಜಾಸ್ತಿ. ರಿಬ್‌ಐ ಪಕ್ಕೆಲುಬಿನ ಭಾಗದ್ದು, ಮಧ್ಯ ಮಧ್ಯ ಕೊಬ್ಬಿನ ಎಳೆ ಹರಡಿರತ್ತೆ, ಕಾದಾಗ ಅದೆಲ್ಲ ಕರಗಿ ಮಾಂಸದ ಒಳಗೇ ಇಳಿಯತ್ತೆ. ನನ್ನ ಓಟು ಇದಕ್ಕೆ. ಸ್ಟ್ರಿಪ್ ಇವೆರಡರ ನಡುವಿಂದು, ಒಂದು ಅಂಚಿಗೆ ಕೊಬ್ಬಿನ ಪಟ್ಟಿ, ಹಲ್ಲಿಗೆ ಸ್ವಲ್ಪ ಕೆಲಸ.

ಪೋರ್ಟರ್‌ಹೌಸ್ ಅಂದ್ರೆ ಇಂಗ್ಲಿಷ್ ಟಿ ಅಕ್ಷರದ ಆಕಾರದ ಮೂಳೆ, ಅದರ ಒಂದು ಬದಿಗೆ ಸ್ಟ್ರಿಪ್ಪು, ಇನ್ನೊಂದು ಬದಿಗೆ ಫಿಲೆ. ಟಿ-ಬೋನ್ ಕೂಡ ಅದೇ, ಫಿಲೆ ಸಣ್ಣದಿರತ್ತೆ ಅಷ್ಟೆ. ಅಮೆರಿಕದ ಕೃಷಿ ಇಲಾಖೆ ಇದಕ್ಕೂ ಅಳತೆ ಇಟ್ಟಿದೆ, ಫಿಲೆ ಭಾಗ 1.25 ಇಂಚು ಅಗಲ ಇದ್ರೆ ಪೋರ್ಟರ್‌ಹೌಸ್, ಅರ್ಧ ಇಂಚಾದ್ರೂ ಇದ್ರೆ ಟಿ-ಬೋನ್. ನೀವಿಬ್ರೂ ಹೊಸಬ್ರು ಅಂತೀರಲ್ಲ, ಒಂದೇ ಪೋರ್ಟರ್‌ಹೌಸ್ ತಗೊಂಡು ಹಂಚ್ಕೊಳ್ಳಿ, ಎರಡೂ ರುಚಿ ನೋಡ್ದಂಗಾಯ್ತು. ಹಂಚ್ಕೊಂಡು ತಿನ್ನೋದು ಜುಗ್ಗತನ ಏನಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್ನಲ್ಲಿ 1887ರಿಂದ ಇರೋ ಪೀಟರ್ ಲೂಗರ್ ಹೆಸರು ಮಾಡಿರೋದೇ ಇಬ್ಬರಿಗೆ, ಮೂವರಿಗೆ ಅಂತ ಹೋಳು ಮಾಡಿ ತಂದಿಡೋ ಪೋರ್ಟರ್‌ಹೌಸಿಂದ.

ಮೆನುನಲ್ಲಿ ಬರೆದಿರೋ ತೂಕ ಹಸಿ ಮಾಂಸದ್ದು, ಬೆಂದ ಮೇಲೆ ನೀರು, ಕೊಬ್ಬು ಹೋಗಿ ಇಳಿಯತ್ತೆ, ಮೂಳೆ ಇದ್ರೆ ಅದೂ ಆ ಲೆಕ್ಕದಲ್ಲೇ ಸೇರಿರತ್ತೆ. 8 ಔನ್ಸ್ ಅಂದ್ರೆ ಸುಮಾರು 225 ಗ್ರಾಂ, ಒಬ್ಬರಿಗೆ ಧಾರಾಳ ಆಯ್ತು. ಇನ್ನೊಂದು, ಈ ಥರದ ಜಾಗಗಳಲ್ಲಿ ಹೆಚ್ಚಾಗಿ ತಟ್ಟೆಯಲ್ಲಿ ಸ್ಟೇಕ್ ಒಂದೇ ಬರೋದು, ಆಲೂಗಡ್ಡೆ, ಪಾಲಕ್ಕು, ಅಣಬೆ ಎಲ್ಲಾ ಬೇರೆ ಬೇರೆ ಹೇಳ್ಬೇಕು, ಅವು ಬರೋದೂ ಇಬ್ಬರು ಮೂವರು ತಿನ್ನೋಷ್ಟು. ಎರಡು ಹೇಳಿ ಸಾಕು.

ಪ್ರಶ್ನೆ: ಎಷ್ಟು ಬೇಯಿಸ್ಬೇಕು ಅಂತ ಕೇಳ್ತಾರಂತೆ. ನಂಗೆ ತಟ್ಟೆಯಲ್ಲಿ ರಕ್ತ ನೋಡಿದ್ರೆ ಹೊಟ್ಟೆ ತೊಳಸತ್ತೆ. ವೆಲ್‌ಡನ್, ಅಂದ್ರೆ ಪೂರ್ತಿ ಬೇಯಿಸಿದ್ದು, ಕೇಳಿದ್ರೆ ನಗ್ತಾರಾ? — ಹೆಸರು ಹಾಕ್ಬೇಡಿ ಅಂದವರು

ಉತ್ತರ: ಮೊದಲನೇದಾಗಿ ಅದು ರಕ್ತ ಅಲ್ಲಮ್ಮ. ರಕ್ತ ಕಸಾಯಿಖಾನೆಯಲ್ಲೇ ಬಸಿದು ಹೋಗಿರತ್ತೆ, ನಿಮ್ಮ ತಟ್ಟೆಯಲ್ಲಿ ಕಾಣೋದು ನೀರು, ಅದಕ್ಕೆ ಮಯೋಗ್ಲೋಬಿನ್ ಅನ್ನೋ ಸ್ನಾಯುವಿನ ಪ್ರೋಟೀನಿನ ಬಣ್ಣ. ಬಿಸಿ ಏರಿದ ಹಾಗೆ ಅದು ಕೆಂಪಿಂದ ಗುಲಾಬಿಗೆ, ಆಮೇಲೆ ಕಂದು ಬೂದಿಗೆ ತಿರುಗತ್ತೆ, ಈ ರೇರ್, ಮೀಡಿಯಂ ಎಲ್ಲಾ ಅದೇ ಲೆಕ್ಕ. ತುಂಡಿನ ನಟ್ಟ ನಡುವೆ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ರೆ ರೇರ್, 55ರ ಹತ್ರ ಮೀಡಿಯಂ ರೇರ್, 60 ದಾಟಿದ್ರೆ ಮೀಡಿಯಂ, 70 ಮೇಲೆ ಹೋದ್ರೆ ವೆಲ್‌ಡನ್.

ನಗ್ತಾರಾ ಅಂದ್ರೆ ಅಡಿಗೆಮನೆಯಲ್ಲಿ ಒಬ್ಬಿಬ್ರು ಮುಖ ಸಿಂಡರಿಸ್ಬಹುದು, ಅವರು ಸಿಂಡರಿಸ್ಲಿ ಬಿಡಿ, ತಿನ್ನೋರು ನೀವು. ಆದ್ರೆ ವೆಲ್‌ಡನ್ ಬೇಕಾದ್ರೆ ಫಿಲೆ ಹೇಳ್ಬೇಡಿ, ಕೊಬ್ಬಿಲ್ದೇ ಒಣಗಿ ಹೋಗತ್ತೆ, ರಿಬ್‌ಐ ತಡ್ಕೊಳತ್ತೆ. ಇನ್ನೂ ಒಂದು ದಾರಿ ಅಂದ್ರೆ ಮೀಡಿಯಂ ವೆಲ್ ಅಂತ ಕೇಳೋದು, ನಡುವೆ ತೆಳ್ಳಗೆ ಗುಲಾಬಿ ಬಣ್ಣ ಅಷ್ಟೇ ಉಳಿದಿರತ್ತೆ. ಅರ್ಧಂಬರ್ಧ ಬೆಂದಿದ್ದು ತಿನ್ಬಹುದಾ ಅನ್ನೋ ಭಯ ಇದ್ರೆ, ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಇರೋದು ಹೆಚ್ಚಾಗಿ ಮೇಲ್ಮೈಯಲ್ಲಿ, ಅದು ಬೆಂಕಿಗೆ ಸಾಯತ್ತೆ. ಕೈಮಾ ಆದ್ರೆ ಮೇಲಿದ್ದದ್ದೆಲ್ಲ ಒಳಗೂ ಕಲಸಿಹೋಗಿರತ್ತೆ, ಅದಕ್ಕೆ ಬರ್ಗರ್ ಮಾತ್ರ ಪೂರ್ತಿ ಬೇಯ್ಲೇಬೇಕು. ಅಮೆರಿಕದ ಕೃಷಿ ಇಲಾಖೆ ಸ್ಟೇಕಿಗೆ ಹೇಳೋದು 63 ಡಿಗ್ರಿ, ಆಮೇಲೆ 3 ನಿಮಿಷ ಹಾಗೇ ಬಿಡ್ಬೇಕು ಅಂತ. ಬಸುರಿಯರು, ವಯಸ್ಸಾದವರು, ಕಾಯಿಲೆಯಿಂದ ಏಳ್ತಿರೋರು ಚೆನ್ನಾಗಿ ಬೇಯಿಸಿದ್ದೇ ತಿನ್ಲಿ, ಅದರಲ್ಲಿ ಸ್ಟೈಲ್ ಎಲ್ಲಾ ಬೇಡ.

ಪ್ರಶ್ನೆ: ಡ್ರೈ ಏಜ್ಡ್ ಅಂತ ಬರೆದು ಡಬಲ್ ರೇಟ್ ಹಾಕಿರ್ತಾರೆ, ಹಳೇ ಮಾಂಸಕ್ಕೆ ಯಾಕೆ ಜಾಸ್ತಿ ದುಡ್ಡು? ವಾಗ್ಯು ಅಂದ್ರೇನು?

ಉತ್ತರ: ಹಳೇದೇ, ಆದ್ರೆ ಕಾವಲಲ್ಲಿ ಹಳೇದಾಗಿರೋದು. ಸೊನ್ನೆ ಡಿಗ್ರಿಗಿಂತ ಸ್ವಲ್ಪ ಮೇಲೆ, ಗಾಳಿ ಆಡೋ ಕೋಣೆಯಲ್ಲಿ ಮೂಳೆ ಸಮೇತ ಮೂರು ನಾಲ್ಕು ವಾರ, ಕೆಲವರು ಇನ್ನೂ ಜಾಸ್ತಿ ದಿನ ಇಡ್ತಾರೆ. ನೀರು ಆರಿ ರುಚಿ ಗಟ್ಟಿಯಾಗತ್ತೆ, ಮಾಂಸದೊಳಗಿನ ಕಿಣ್ವಗಳೇ ನಾರನ್ನ ಸಡಿಲ ಮಾಡ್ತವೆ. ತೂಕ ಇಳಿಯತ್ತೆ, ಮೇಲೆ ಕಪ್ಪಗೆ ಒಣಗಿದ ಪದರ ಕೆತ್ತಿ ಬಿಸಾಕ್ಬೇಕು, ಆ ನಷ್ಟ ಎಲ್ಲಾ ನಿಮ್ಮ ಬಿಲ್ಲಿಗೆ ಬರತ್ತೆ. ವಾಸನೆ ಸ್ವಲ್ಪ ಚೀಸ್ ಥರ ಇರತ್ತೆ, ಮೊದಲನೇ ಸಲಕ್ಕೇ ಇದನ್ನ ತಗೊಳ್ಳಿ ಅಂತ ನಾನಂತೂ ಹೇಳಲ್ಲ.

ವಾಗ್ಯು ಜಪಾನಿನ ತಳಿಗಳ ದನದ್ದು, ಕೊಬ್ಬು ಅಮೃತಶಿಲೆಯ ಗೆರೆ ಥರ ಹರಡಿರತ್ತೆ. ಎ5 ಅಂದ್ರೆ ಎ ಅಕ್ಷರ ಮಾಂಸ ಎಷ್ಟು ದಕ್ಕತ್ತೆ ಅನ್ನೋದಕ್ಕೆ, 5 ಗುಣಮಟ್ಟಕ್ಕೆ. ಕೋಬೆ ಅನ್ನೋದು ವಾಗ್ಯುನಲ್ಲೇ ಒಂದು, ಹ್ಯೋಗೊ ಪ್ರಾಂತ್ಯದ ತಾಜಿಮಾ ದನದ್ದು ಮಾತ್ರ, 'ಕೋಬೆ ಸ್ಟೈಲ್' ಅಂತ ಬರೆದಿದ್ರೆ ಅದು ಕೋಬೆ ಅಲ್ಲ. ನೂರು ಗ್ರಾಂ ಸಾಕು, ಜಾಸ್ತಿ ತಿಂದ್ರೆ ಜಿಡ್ಡಿಗೇ ಬಾಯಿ ಕಟ್ಟತ್ತೆ.

ಪ್ರಶ್ನೆ: ಗುಂಪಲ್ಲಿ ನಾನೊಬ್ಬಳೇ ಸಸ್ಯಾಹಾರಿ, ಫ್ರೆಂಡ್ ಬರ್ತ್‌ಡೇ, ಹೋಗ್ದೇ ಇರೋಕಾಗಲ್ಲ.

ಉತ್ತರ: ಹೋಗಿ, ಆದ್ರೆ ಕೇಳಿ ತಿನ್ನಿ. ಆಲೂಗಡ್ಡೆ ಫ್ರೈ ಕೆಲವು ಕಡೆ ದನದ ಕೊಬ್ಬಲ್ಲೇ ಕರೀತಾರೆ, ಈರುಳ್ಳಿ ಸೂಪು ಹೆಚ್ಚಾಗಿ ಮೂಳೆ ಬೇಯಿಸಿದ ನೀರಲ್ಲಿ ಆಗಿರತ್ತೆ, ಸೀಸರ್ ಸಲಾಡಿನ ಡ್ರೆಸ್ಸಿಂಗಲ್ಲಿ ಆಂಚೊವಿ ಮೀನಿರತ್ತೆ, ಸೊಪ್ಪಿನ ಸಲಾಡ್ ತಾನೇ ಅಂತ ತಿಂದು ಆಮೇಲೆ ಪರದಾಡಿದವರನ್ನ ನೋಡಿದೀನಿ. ಬುಕ್ ಮಾಡೋವಾಗ್ಲೇ ಹೇಳಿಬಿಟ್ರೆ ಅಡಿಗೆಯವರು ಏನಾದ್ರೂ ಬೇರೆ ಮಾಡಿಕೊಡ್ತಾರೆ, ಬಂದು ಕೂತ ಮೇಲೆ ಹೇಳಿದ್ರೆ ಸುಟ್ಟ ಅಣಬೆನೇ ಗತಿ.

ಪ್ರಶ್ನೆ: ಹೇಳಿದ ಹಾಗೆ ಬೆಂದಿಲ್ಲ ಅಂದ್ರೆ ವಾಪಸ್ ಕಳಿಸ್ಬಹುದಾ? ಅವತ್ತು ಅವಳಿಗೆ ಪ್ರಪೋಸ್ ಮಾಡ್ಬೇಕು ಅಂತಿದೀನಿ, ಜಗಳದ ಥರ ಕಾಣ್ಬಾರ್ದು.

ಉತ್ತರ: ಕಳಿಸ್ಬಹುದು, ಧ್ವನಿ ಏರಿಸ್ಬೇಕಾಗೂ ಇಲ್ಲ. ಸ್ಟೇಕ್ ತಂದಿಟ್ಟ ತಕ್ಷಣ, ವೇಟರ್ ಅಲ್ಲೇ ನಿಂತಿರೋವಾಗ್ಲೇ, ನಡುವೆ ಒಂದು ಸಲ ಕತ್ತರಿಸಿ ಬಣ್ಣ ನೋಡಿ, ಎಷ್ಟೋ ಕಡೆ ಅವ್ರೇ ಹಾಗೆ ನೋಡಿ ಅಂತಾರೆ. ಬೆಂದಿದ್ದು ಕಮ್ಮಿ ಆಗಿದ್ರೆ ಎರಡು ನಿಮಿಷ ಮತ್ತೆ ಬೆಂಕಿಗೆ ಇಡ್ತಾರೆ, ಜಾಸ್ತಿ ಬೆಂದಿದ್ರೆ ಹಿಂದಕ್ಕೆ ತರೋಕೆ ಬ್ರಹ್ಮನ ಕೈಲೂ ಆಗಲ್ಲ, ಹೊಸ ತುಂಡೇ ಇಡ್ಬೇಕು, ಅಲ್ಲಿವರೆಗೆ ನಿಮ್ಮಿಬ್ಬರಲ್ಲಿ ಒಬ್ಬರು ತಿನ್ನೋವಾಗ ಇನ್ನೊಬ್ಬರು ಕಾಯ್ಬೇಕು. ಅದಕ್ಕೆ ಅನುಮಾನ ಇದ್ರೆ ಒಂದು ಮೆಟ್ಟಿಲು ಕಮ್ಮಿ ಬೇಯಿಸಿದ್ದನ್ನೇ ಹೇಳಿ. ಉಂಗುರನ ಮಾತ್ರ ಕೇಕಲ್ಲಿ, ವೈನ್ ಗ್ಲಾಸಲ್ಲಿ ಹಾಕ್ಸೋ ಸಾಹಸ ಬೇಡ ಮಾರಾಯ್ರೆ, ನುಂಗಿಬಿಟ್ರೆ ಆಸ್ಪತ್ರೆಗೆ ಓಡ್ಬೇಕಾಗತ್ತೆ. ಜೇಬಲ್ಲೇ ಇರ್ಲಿ, ತಟ್ಟೆ ಎತ್ಕೊಂಡು ಹೋಗಿ ಟೇಬಲ್ ಒರೆಸಿದ ಮೇಲೆ ತೆಗೀರಿ.