ಕಡಿಮೆ ಮಾಡಿ ಅನ್ನಬೇಡಿ, ತೋರಿಸಿ ಅನ್ನಿ

ಪ್ರಶ್ನೆ: ಬ್ರೇಕ್ ಒತ್ತಿದಾಗ ಕೀರಲು ಸದ್ದು ಬರುತ್ತಿದೆ ಎಂದು ಕಾರನ್ನು ಗ್ಯಾರೇಜಿಗೆ ಬಿಟ್ಟೆ. ಮುಂದಿನ ಬ್ರೇಕ್ ಪ್ಯಾಡ್ ಬದಲಿಸಬೇಕು ಎಂದು ಬಾಯಿಮಾತಲ್ಲೇ ಒಂದು ಅಂದಾಜು ಹೇಳಿದರು, ಆಯ್ತು ಎಂದೆ. ಸಂಜೆ ಹೋದರೆ ಬಿಲ್ ಅದರ ಎರಡೂವರೆ ಪಟ್ಟು! ಪ್ಯಾಡ್ ಜೊತೆಗೆ ಎರಡು ಡಿಸ್ಕ್, ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಕೊನೆಯಲ್ಲಿ ‘ಕನ್ಸ್ಯೂಮಬಲ್ಸ್’ ಅಂತ ಇನ್ನೊಂದು ಮೊತ್ತ. ಕಾರು ಓಡಿರುವುದು 30,000 ಕಿಲೋಮೀಟರ್ ಅಷ್ಟೇ. ನನ್ನನ್ನು ಕೇಳದೆ ಯಾಕೆ ಮಾಡಿದಿರಿ ಎಂದರೆ ‘ನಿಮ್ಮ ಸೇಫ್ಟಿಗೇ ಅಲ್ವಾ ಮೇಡಂ’ ಎಂದರು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಸ್ವಲ್ಪ ಕಡಿಮೆ ಮಾಡಿ ಎಂದೆ, 10 ಪರ್ಸೆಂಟ್ ಬಿಟ್ಟರು, ಕಟ್ಟಿ ಬಂದೆ. ನಾಲ್ಕು ದಿನವಾಯಿತು, ಮನಸ್ಸಿಗೆ ಸಮಾಧಾನವೇ ಇಲ್ಲ. ಮನೆಯವರು ಹೋಗಲಿ ಬಿಡು ಎನ್ನುತ್ತಾರೆ. ಈಗ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು. ನಾಲ್ಕು ದಿನ ಏನೂ ತಡ ಅಲ್ಲ. ಆದರೆ ಇವತ್ತೇ ಶುರು ಮಾಡಿ, ಯಾಕೆಂದರೆ ಬಿಚ್ಚಿದ ಹಳೇ ಡಿಸ್ಕ್‌ಗಳು ಇನ್ನೂ ಆ ಗ್ಯಾರೇಜಿನ ಮೂಲೆಯಲ್ಲೇ ಬಿದ್ದಿರಬಹುದು, ಗುಜರಿಗೆ ಹೋದ ಮೇಲೆ ನಿಮಗೆ ನೋಡಲು ಏನೂ ಉಳಿಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಸಂಕಟವಾದದ್ದು ಆ 10 ಪರ್ಸೆಂಟ್. ‘ಕಡಿಮೆ ಮಾಡಿ’ ಎಂದ ತಕ್ಷಣ ಮಾತು ರೇಟಿನ ಕಡೆ ತಿರುಗುತ್ತದೆ. ಆ ಕೆಲಸ ಬೇಕಿತ್ತಾ, ನಿಜವಾಗಿ ಮಾಡಿದರಾ ಅನ್ನೋ ಪ್ರಶ್ನೆ ಅಲ್ಲೇ ಮುಚ್ಚಿಹೋಗುತ್ತದೆ. ಅವರಿಗೂ ಅದೇ ಸುಲಭ. ಚೂರು ಬಿಟ್ಟುಕೊಟ್ಟರೆ ನೀವು ಗೆದ್ದೆ ಎಂದುಕೊಂಡು ಹೋಗುತ್ತೀರಿ, ಬಿಲ್ಲಿನಲ್ಲಿದ್ದ ತಪ್ಪು ಸಾಲು ಹಾಗೇ ಉಳಿಯುತ್ತದೆ. ಹಾಗಂತ ರಿಯಾಯಿತಿ ಪಡೆದವರು ಮುಂದೆ ಬಾಯಿ ಮುಚ್ಚಿಕೊಂಡಿರಬೇಕು ಅಂತೇನೂ ಇಲ್ಲ. ಈಗ ಬಿಲ್ ಮುಂದೆ ಇಟ್ಟುಕೊಂಡು ಒಂದೊಂದೇ ಸಾಲು ನೋಡಿ.

ಪ್ಯಾಡ್ ಸರಿ. ನೀವೇ ಒಪ್ಪಿದ ಕೆಲಸ, ಅದರ ದುಡ್ಡು ಅವರಿಗೆ ಸಲ್ಲಬೇಕು. ಹಲವು ಪ್ಯಾಡ್‌ಗಳಲ್ಲಿ ತೆಳುವಾದ ಒಂದು ಲೋಹದ ನಾಲಿಗೆ ಇರುತ್ತದೆ, ಪ್ಯಾಡ್ ಸವೆಯುತ್ತಾ ಬಂದಾಗ ಅದು ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗೆ, ಅಂದರೆ ಡಿಸ್ಕ್‌ಗೆ ಉಜ್ಜಿ ಕೀರಲು ಸದ್ದು ಮಾಡುತ್ತದೆ, ಮಾಡಲಿ ಅಂತಲೇ ಇಟ್ಟಿರೋದು. ಟ್ರಾಫಿಕ್‌ನಲ್ಲೇ ಓಡುವ ಕಾರಿನಲ್ಲಿ 30,000ಕ್ಕೆ ಪ್ಯಾಡ್ ಮುಗಿಯುವುದು ಅಸಹಜವೂ ಅಲ್ಲ. ಡಿಸ್ಕ್ ಮಾತು ಬೇರೆ. ಸಾಮಾನ್ಯವಾಗಿ ಒಂದು ಜೊತೆ ಡಿಸ್ಕ್ ಎರಡು ಸೆಟ್ ಪ್ಯಾಡ್ ಮುಗಿಯುವವರೆಗಾದರೂ ಬಾಳಿಕೆ ಬರುತ್ತದೆ. ಪ್ಯಾಡ್ ಪೂರ್ತಿ ಸವೆದು ಹಿಂದಿನ ಕಬ್ಬಿಣದ ತಗಡು ಡಿಸ್ಕನ್ನೇ ಕೊರೆದಿದ್ದರೆ ಬೇಗ ಹಾಳಾಗಬಹುದು, ಹಾಗಾಗಿ ನೋಡದೆ ಅವರನ್ನು ಸುಳ್ಳುಗಾರರು ಎನ್ನುವುದು ಬೇಡ. ಇದು ಅಳೆದು ಹೇಳಬಹುದಾದ ವಿಷಯ. ಎಷ್ಟು ತೆಳುವಾಗುವವರೆಗೆ ಬಳಸಬಹುದು ಅನ್ನೋದನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಕೆತ್ತಿರುತ್ತಾರೆ. ಹೊಸದರಲ್ಲಿ 22 ಮಿಲಿಮೀಟರ್ ಇರುವ ಡಿಸ್ಕ್‌ಗೆ ಕನಿಷ್ಠ 20 ಅಂತ ಇರಬಹುದು, ಕಾರಿನಿಂದ ಕಾರಿಗೆ ಬೇರೆ. ಹಳೇ ಡಿಸ್ಕ್ ಕೈಗೆ ಸಿಕ್ಕರೆ ಅಂಚಿನ ಮೇಲೆ ಉಗುರು ಎಳೆದು ನೋಡಿ. ಪ್ಯಾಡ್ ಉಜ್ಜುವ ಜಾಗ ತಗ್ಗಿ, ಸುತ್ತಲಿನ ಅಂಚು ದಡದ ಹಾಗೆ ಎದ್ದು ನಿಂತಿದ್ದರೆ ಸವೆದಿದೆ ಎಂದರ್ಥ. ಉಗುರು ಸಲೀಸಾಗಿ ಜಾರಿದರೆ ಅವರು ಉತ್ತರ ಹೇಳಬೇಕು. ಕೊನೆಯ ಮಾತು ಮಾತ್ರ ಅಳತೆಯದ್ದೇ, ಉಗುರಿನದ್ದಲ್ಲ.

ಇಂಜಿನ್ ಫ್ಲಶ್ ಎಂದರೆ ಆಯಿಲ್ ಬದಲಿಸುವ ಮುಂಚೆ ರಾಸಾಯನಿಕ ಹಾಕಿ ಇಂಜಿನ್ ಒಳಗೆ ತೊಳೆಯುವುದು. ಆ ಸಾಲಿಗೆ ಓನರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಯಾವ ಕಿಲೋಮೀಟರಿಗೆ ಏನು ಮಾಡಬೇಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಫ್ಲಶ್ ಆ ಪಟ್ಟಿಯಲ್ಲಿ ಇದೆಯಾ ನೋಡಿ. ಬಹಳಷ್ಟು ಕಾರುಗಳಲ್ಲಿ ಇರುವುದಿಲ್ಲ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಸಾಕು. ಇಂಜಿನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ಕ್ಲೀನಿಂಗೂ ಅಷ್ಟೇ. ಗಾಡಿ ನಡುಗುತ್ತಿತ್ತಾ, ಪಿಕಪ್ ಕಡಿಮೆಯಾಗಿತ್ತಾ? ಬ್ರೇಕ್ ಸದ್ದಿಗೆ ಬಂದ ಗಾಡಿಯ ಇಂಜೆಕ್ಟರ್ ಯಾಕೆ ಮುಟ್ಟಿದಿರಿ ಅಂತ ನೇರವಾಗಿ ಕೇಳಿ. ಕನ್ಸ್ಯೂಮಬಲ್ಸ್ ಎಂದರೆ ಗ್ರೀಸ್, ಕ್ಲೀನಿಂಗ್ ಸ್ಪ್ರೇ, ಒರೆಸುವ ಬಟ್ಟೆ. ಸಣ್ಣ ಮೊತ್ತವಾದರೆ ಬಿಡಿ, ದೊಡ್ಡದಾದರೆ ವಿವರ ಕೇಳಿ.

ನನಗೂ ಒಮ್ಮೆ ಹೀಗಾಗಿತ್ತು. ಏರ್ ಫಿಲ್ಟರ್ ಬದಲಿಸಿದಾಗ ಅದರ ಚೌಕಟ್ಟಿನ ಮೇಲೆ ನೀಲಿ ಪೆನ್ನಿನಲ್ಲಿ ದಿನಾಂಕ ಬರೆದಿಟ್ಟಿದ್ದೆ. ಮುಂದಿನ ಸರ್ವಿಸ್ ಬಿಲ್ಲಿನಲ್ಲಿ ಹೊಸ ಏರ್ ಫಿಲ್ಟರ್ ಎಂದಿತ್ತು. ಗ್ಯಾರೇಜಿನ ಗೇಟಿನ ಹತ್ತಿರವೇ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಡಬ್ಬಿಯ ಕ್ಲಿಪ್ ತೆಗೆದೆ. ನನ್ನದೇ ಅಕ್ಷರ, ನನ್ನದೇ ದಿನಾಂಕ. ಕೈ ನಡುಗಿತು, ಸಿಟ್ಟಿಗೆ. ಐದು ನಿಮಿಷ ಸುಮ್ನೆ ಕೂತೆ. ಆಮೇಲೆ ಫಿಲ್ಟರನ್ನು ಹಿಡಿದುಕೊಂಡೇ ಒಳಗೆ ಹೋಗಿ ಕೌಂಟರಿನ ಮೇಲೆ, ಬಿಲ್ಲಿನ ಪಕ್ಕ ಇಟ್ಟು, ‘ಈ ಏಳನೇ ಸಾಲಿನ ಫಿಲ್ಟರ್ ಎಲ್ಲಿದೆ ತೋರಿಸಿ’ ಎಂದಷ್ಟೇ ಕೇಳಿದೆ. ಮ್ಯಾನೇಜರ್ ಒಮ್ಮೆ ದಿನಾಂಕ ನೋಡಿದರು, ಒಮ್ಮೆ ಬಿಲ್ ನೋಡಿದರು, ಆ ಸಾಲಿನ ದುಡ್ಡು ವಾಪಸ್ ಕೊಟ್ಟರು. ಮೋಸ ಅನ್ನುವ ಪದವನ್ನು ನಾನು ಬಾಯಿಗೇ ತರಲಿಲ್ಲ. ಅಂದಿದ್ದರೆ ಜಗಳ ಆ ಪದದ ಮೇಲೆ ಹೋಗುತ್ತಿತ್ತು, ಫಿಲ್ಟರ್ ಮರೆತೇಹೋಗುತ್ತಿತ್ತು.

ನೀವೂ ಫೋನಿನಲ್ಲಿ ವಾದ ಮಾಡಬೇಡಿ. ಬರೆದು ಕಳಿಸಿ, ಮೆಸೇಜ್ ಆದರೂ ಸರಿ, ಇಮೇಲ್ ಆದರೂ ಸರಿ. ಇಷ್ಟು ಸಾಕು: ‘ನನ್ನ ಜಾಬ್ ಕಾರ್ಡ್ ನಂಬರ್ ಇದು. ನಾನು ಒಪ್ಪಿದ್ದು ಮುಂದಿನ ಬ್ರೇಕ್ ಪ್ಯಾಡ್ ಬದಲಿಸಲು ಮಾತ್ರ. ಉಳಿದ ಕೆಲಸಕ್ಕೆ ನನ್ನನ್ನು ಕೇಳಿಲ್ಲ. ಕೇಳಿದ್ದರೆ ನನ್ನ ಸಹಿ ಅಥವಾ ಮೆಸೇಜ್ ತೋರಿಸಿ. ತೆಗೆದ ಡಿಸ್ಕ್‌ಗಳನ್ನು ಎತ್ತಿಡಿ, ಬಂದು ಅಳತೆ ನೋಡುತ್ತೇನೆ. ಫ್ಲಶ್ ಮತ್ತು ಇಂಜೆಕ್ಟರ್ ಕ್ಲೀನಿಂಗ್ ಹಣವನ್ನು 7 ದಿನದೊಳಗೆ ವಾಪಸ್ ಮಾಡಿ.’ ಕಳಿಸುವ ಮುಂಚೆ ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ಕೆಲಸ ಬರೆದುಕೊಟ್ಟ ಚೀಟಿ, ಇನ್ನೊಮ್ಮೆ ಓದಿ. ಸಣ್ಣ ಅಕ್ಷರದಲ್ಲಿ ‘ಅಗತ್ಯವಿದ್ದ ಎಲ್ಲಾ ಕೆಲಸಕ್ಕೂ ಒಪ್ಪಿಗೆ ಇದೆ’ ಎಂದು ಬರೆದು ನಿಮ್ಮ ಸಹಿ ಹಾಕಿಸಿಕೊಂಡಿದ್ದರೆ ನಿಮ್ಮ ಹಿಡಿತ ಸಡಿಲವಾಗುತ್ತದೆ. ಆಗಲೂ ಆ ಕೆಲಸ ಯಾಕೆ ಅಗತ್ಯವಿತ್ತು ತೋರಿಸಿ ಎಂದು ಕೇಳಬಹುದು. ಕಾರನ್ನು ಬೇರೆ ಮೆಕ್ಯಾನಿಕ್‌ಗೂ ತೋರಿಸಿ, ಹೊಸ ಡಿಸ್ಕ್ ನಿಜಕ್ಕೂ ಹಾಕಿದ್ದಾರಾ ಎಂದು ಬರವಣಿಗೆಯಲ್ಲಿ ಪಡೆಯಿರಿ. ಯಾವುದನ್ನೂ ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. 7 ದಿನಕ್ಕೂ ಉತ್ತರ ಬರದಿದ್ದರೆ, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಆಗಿದ್ದಲ್ಲಿ ಕಂಪನಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಗ್ರಾಹಕರ ದೂರು ಕೇಳುವ ಕಡೆ ಹೋಗಿ.

ಪೂರ್ತಿ ಬಿಲ್ ವಾಪಸ್ ಕೇಳಬೇಡಿ. ಮೆಕ್ಯಾನಿಕ್‌ಗಳದ್ದು ಕಷ್ಟದ ಕೆಲಸ, ಕೈ ಸುಟ್ಟುಕೊಂಡು ದುಡಿಯುತ್ತಾರೆ, ಸರಿಯಾಗಿ ಮಾಡಿದ್ದಕ್ಕೆ ಪೂರ್ತಿ ದುಡ್ಡು ಕೊಡಲೇಬೇಕು. ಮನೆಯವರಿಗೂ ಹೇಳಿ, ಇದು ಬರೀ ದುಡ್ಡಿನ ಮಾತಲ್ಲ. ನಿಮ್ಮ ಗಾಡಿಗೆ ಏನು ಮಾಡಬೇಕು ಎಂದು ನಿಮ್ಮನ್ನು ಕೇಳಲೇ ಇಲ್ಲ. ಅದಕ್ಕೆ ನಿಮಗೆ ಬೇಜಾರಾಗಿದೆ, ಆಗಲೇಬೇಕು.

ಪ್ರಶ್ನೆ: ಚೆಕ್ ಇಂಜಿನ್ ಲೈಟ್ ಹತ್ತಿತು. ಸ್ಕ್ಯಾನ್ ಮಾಡಿ ಪಿ0420 ಕೋಡ್ ಎಂದರು, ಆಕ್ಸಿಜನ್ ಸೆನ್ಸರ್ ಬದಲಿಸಿದರು. ಒಂದು ವಾರಕ್ಕೆ ಲೈಟ್ ಮತ್ತೆ ಬಂತು. ಈಗ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಅದನ್ನೂ ಬದಲಿಸೋಣ ಎನ್ನುತ್ತಿದ್ದಾರೆ. ಒಪ್ಪಲಾ ಸರ್?

ಉತ್ತರ: ಇನ್ನೂ ಬೇಡ. ಹೊಗೆಯನ್ನು ಶುದ್ಧ ಮಾಡುವ ಕನ್ವರ್ಟರ್ ಕೆಲಸ ನಿಗದಿಗಿಂತ ಕಡಿಮೆಯಾಗಿದೆ ಎಂದಷ್ಟೇ ಆ ಕೋಡ್ ಹೇಳುತ್ತದೆ. ಯಾವ ಪಾರ್ಟ್ ಕೆಟ್ಟಿದೆ ಎಂದು ಹೇಳುವುದಿಲ್ಲ. ಕನ್ವರ್ಟರೇ ಇರಬಹುದು, ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಸೆನ್ಸರ್ ಇರಬಹುದು, ಸೈಲೆನ್ಸರ್ ಪೈಪಿನಲ್ಲಿ ಎಲ್ಲೋ ಲೀಕ್ ಇರಬಹುದು. ಕನ್ವರ್ಟರಿನಲ್ಲಿ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಥರದ ದುಬಾರಿ ಲೋಹ ಇರುತ್ತದೆ, ಹೊಸದಕ್ಕೂ ಜಾಸ್ತಿ ಬೆಲೆ, ಹಳೆಯದಕ್ಕೂ ಬೆಲೆ ಇದೆ. ಹಾಗಾಗಿ ಮೂರು ವಿಷಯ ಕೇಳಿ. ಲೀಕ್ ಟೆಸ್ಟ್ ಮಾಡಿದಿರಾ? ಹೊಸ ಸೆನ್ಸರ್ ಹಾಕಿದ ಮೇಲೆ ಕನ್ವರ್ಟರಿನ ಮುಂದಿನ, ಹಿಂದಿನ ಸೆನ್ಸರ್‌ಗಳ ರೀಡಿಂಗ್ ಏನು ಬಂತು? ಹಳೇ ಸೆನ್ಸರ್ ಕೆಟ್ಟಿತ್ತು ಎಂದು ಯಾವ ಟೆಸ್ಟಿನಿಂದ ಗೊತ್ತಾಯಿತು? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಊಹೆಯ ಮೇಲೆ ಪಾರ್ಟ್ ಹಾಕಿದ್ದಾರೆ, ಆ ಲೇಬರ್ ಚಾರ್ಜನ್ನು ನಿಮ್ಮ ಮೇಲೆ ಹಾಕಬಾರದು. ಟೆಸ್ಟ್ ಮಾಡಿ ಹುಡುಕುವುದಕ್ಕೆ ಚಾರ್ಜ್ ಕೇಳಿದರೆ ಮಾತ್ರ ಚೌಕಾಸಿ ಮಾಡಬೇಡಿ, ಅದು ಕೊಡಬೇಕಾದ ದುಡ್ಡು.

ಪ್ರಶ್ನೆ: ಬಿಲ್ ಒಪ್ಪಿಗೆ ಇಲ್ಲ, ಆದರೆ ಕಟ್ಟದೆ ಕಾರು ಬಿಡುವುದಿಲ್ಲ ಎಂದರೆ?

ಉತ್ತರ: ಇನ್ನೊಂದು ಕೀ ಇದೆ ಅಂತ ಓಡಿಸಿಕೊಂಡು ಬರಬೇಡಿ. ಮಾಡಿದ ಕೆಲಸದ ದುಡ್ಡು ಬರುವವರೆಗೆ ಗಾಡಿ ಇಟ್ಟುಕೊಳ್ಳುವ ಹಕ್ಕು ಹಲವು ಕಡೆ ಕಾನೂನಿನಲ್ಲೇ ಗ್ಯಾರೇಜಿಗೆ ಇದೆ. ಮೊದಲು ಒಪ್ಪಿದಷ್ಟನ್ನು ಈಗಲೇ ಕಟ್ಟುತ್ತೇನೆ ಎಂದು ಬರೆದು ಕೊಡಿ. ಆಗಲೂ ಬಿಡದಿದ್ದರೆ, ಕಾರು ತುರ್ತಾಗಿ ಬೇಕಿದ್ದರೆ, ಪೂರ್ತಿ ಕಟ್ಟಿ. ಕ್ಯಾಶ್ ಬೇಡ, ದಾಖಲೆ ಉಳಿಯುವ ಹಾಗೆ ಕಟ್ಟಿ. ಬಿಲ್ಲಿನ ಎರಡೂ ಪ್ರತಿಯ ಮೇಲೆ ‘ಆಕ್ಷೇಪಣೆ ಇಟ್ಟುಕೊಂಡು ಹಣ ಕಟ್ಟಿದ್ದೇನೆ’ ಎಂದು ಬರೆದು, ಯಾವ ಸಾಲಿಗೆ ಆಕ್ಷೇಪಣೆ ಎಂದು ಗುರುತು ಹಾಕಿ, ಸಹಿ ಮಾಡಿ, ಅಲ್ಲೇ ಫೋಟೋ ತೆಗೆದುಕೊಳ್ಳಿ.